ಹತ್ತು ಮಂದಿಗೊಂದು ವಿಮಾನ

ಮುಂಬಯಿಯಲ್ಲಿ ನೆಲೆಸಿದ ನಮ್ಮವರು ರಜೆಯ ದಿನ ಮಕ್ಕಳ ಕೈಹಿಡಿದು ಜುಹೂ ಕಡಲ ದಂಡೆಗೆ ಹೋಗುವುದು ಹಳೆಯ ರೂಢಿ. ದಂಡೆಗೆ ಸಮೀಪದಲ್ಲೇ ಇರುವ ವಿಮಾನ ನಿಲ್ದಾಣದತ್ತ ಹೆಚ್ಚು ಮಂದಿ ಕಣ್ಣು ಹಾಯಿಸುವುದಿಲ್ಲ. ಈಗ ಅಲ್ಲಿ ಕೇಳುವುದು ಹೆಚ್ಚಾಗಿ ಹೆಲಿಕಾಪ್ಟರುಗಳ ಸದ್ದು. ಆದರೆ ೧೯೨೮ರಲ್ಲಿ ಅಲ್ಲಿ ಬೊಂಬಾಯಿ ಫ್ಲೈಯಿಂಗ್ ಕ್ಲಬ್ಬು ಎಂಬ ಸಂಘ ತಲೆಯೆತ್ತಿತು. ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟಗಳು ಇಂಥ ಸಂಘಗಳ ಅಂಗಳದಲ್ಲೇ ಬರೆಯಲ್ಪಟ್ಟವು. ಫ್ಲೈಯಿಂಗ್ ಕ್ಲಬ್ಬೆಂದರೆ ಸಿರಿವಂತರ ವಿನೋದವೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಇತಿಹಾಸವನ್ನು ತೆರೆದು ನೋಡಿದರೆ ಮಾತು ಅಷ್ಟು ಸರಳವಲ್ಲ. ಒಬ್ಬನಿಂದಾಗದ್ದನ್ನು ಹತ್ತು ಮಂದಿ ಕೂಡಿ ಮಾಡುವ ಉಪಾಯವೇ ಆ ಕ್ಲಬ್ಬು. ಊರು ಬಿಟ್ಟು ಬಂದು ಸಂಘ ಕಟ್ಟಿಕೊಂಡಿರುವ ನಮಗೆ ಆ ಉಪಾಯ ಹೊಸದಲ್ಲ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ವಿಮಾನ ನಡೆಸಬಲ್ಲವರು ಬೇಕಾದಷ್ಟಿದ್ದರು. ಸಾಮಾನ್ಯರ ಕೈಗೆಟಕುವ ವಿಮಾನ ಮಾತ್ರ ಇರಲಿಲ್ಲ. ೧೯೨೫ರ ಫೆಬ್ರವರಿಯಲ್ಲಿ ಡಿ ಹ್ಯಾವಿಲೆಂಡ್ ಕಂಪನಿಯ 'ಮಾತ್' ಎಂಬ ಪುಟ್ಟ ವಿಮಾನ ಮೊದಲ ಸಲ ಮೇಲೇರಿತು. ಮರ ಮತ್ತು ಬಟ್ಟೆಯ ಮೈ, ಒಂದರ ಹಿಂದೊಂದು ಎರಡು ಆಸನ, ಸುಮಾರು ೬೦ ಅಶ್ವಶಕ್ತಿಯ ಎಂಜಿನ್ನು. ರೆಕ್ಕೆಗಳನ್ನು ಮಡಿಸಿ ಸಣ್ಣ ಕೊಟ್ಟಿಗೆಯಲ್ಲಿ ನಿಲ್ಲಿಸಬಹುದಾಗಿತ್ತು. ಅದೇ ವರ್ಷ ಅಲ್ಲಿನ ಸರಕಾರ ಹಗುರ ವಿಮಾನಗಳ ಕ್ಲಬ್ಬುಗಳಿಗೆ ಸಹಾಯಧನ ಕೊಡುವ ಯೋಜನೆಯನ್ನು ಕೈಗೊಂಡಿತು. ಸದಸ್ಯರು ಚಂದಾ ಕೊಡುವರು, ವಿಮಾನ ಎಲ್ಲರದು, ಹಾರಿದಷ್ಟು ಹೊತ್ತಿಗೆ ಹಣ.

ಇದರ ಫಲವನ್ನು ಕಾಣಬೇಕಾದರೆ ಆಮಿ ಜಾನ್ಸನ್ ಎಂಬ ತರುಣಿಯನ್ನು ನೆನೆಯಬೇಕು. ಆಕೆ ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಬೆರಳಚ್ಚು ಮಾಡುತ್ತಿದ್ದವಳು. ಲಂಡನ್ ಏರೋಪ್ಲೇನ್ ಕ್ಲಬ್ಬಿಗೆ ಸೇರಿ ೧೯೨೯ರಲ್ಲಿ ಪೈಲಟ್ ಲೈಸೆನ್ಸು ಪಡೆದಳು. ಅಷ್ಟಕ್ಕೇ ತೃಪ್ತಳಾಗದೆ ಹ್ಯಾಂಗರಿನಲ್ಲಿ ಮೆಕ್ಯಾನಿಕರ ಜೊತೆ ಕೈ ಮಸಿ ಮಾಡಿಕೊಂಡು ಎಂಜಿನ್ನಿನ ಕೆಲಸವನ್ನೂ ಕಲಿತಳು. ೧೯೩೦ರ ಮೇ ೫ರಂದು ಒಬ್ಬಳೇ ಇಂಗ್ಲೆಂಡಿನಿಂದ ಹೊರಟು, ಕರಾಚಿ, ಝಾನ್ಸಿ, ಕಲ್ಕತ್ತಗಳ ಮೇಲೆ ಹಾದು, ಮೇ ೨೪ರಂದು ಆಸ್ಟ್ರೇಲಿಯದ ಡಾರ್ವಿನ್ ತಲುಪಿದಳು. ಆ ಯಾನಕ್ಕೆ ಬೇಕಾದ ಹಳೆಯ ಮಾತ್ ವಿಮಾನವನ್ನು ತಂದೆಯ ಹಾಗೂ ಒಬ್ಬ ಉದಾರಿಯ ನೆರವಿನಿಂದ ಕೊಂಡದ್ದು ನಿಜ. ಆದರೆ ಹಾರುವ ವಿದ್ಯೆಯನ್ನು ಅವಳಿಗೆ ಕೊಟ್ಟದ್ದು ಕ್ಲಬ್ಬಿನ ಪಾಲಿನ ವಿಮಾನವೇ.

ಈ ಪಾಲುಗಾರಿಕೆಯ ಲೆಕ್ಕವನ್ನು ತುಸು ಬಿಡಿಸಿ ನೋಡೋಣ. ಹ್ಯಾಂಗರಿನ ಬಾಡಿಗೆ, ವಿಮೆ, ವರ್ಷದ ತಪಾಸಣೆ—ಇವು ವಿಮಾನ ಹಾರಿದರೂ ಹಾರದಿದ್ದರೂ ತೆರಬೇಕಾದ ಖರ್ಚು. ಪೆಟ್ರೋಲು ಮತ್ತು ಎಣ್ಣೆ ಹಾರಿದಷ್ಟಕ್ಕೆ ಮಾತ್ರ. ಒಬ್ಬನೇ ಒಡೆಯನಾದರೆ ಮೊದಲ ಬಗೆಯ ಖರ್ಚೆಲ್ಲ ಅವನ ತಲೆಯ ಮೇಲೆ. ಹತ್ತು ಮಂದಿ ಸೇರಿದರೆ ಹತ್ತರಲ್ಲೊಂದು ಪಾಲು. ಇನ್ನೊಂದು ಮಾತು: ವಿಮಾನ ಹಾರಿ ಸವೆಯುವುದಕ್ಕಿಂತ ನಿಂತು ಕೆಡುವುದೂ ಉಂಟು. ಬಹುಕಾಲ ನಿಂತ ಎಂಜಿನ್ನಿನೊಳಗೆ ತೇವ ಕೂಡಿ ತುಕ್ಕು ಹಿಡಿಯುತ್ತದೆ. ಹಲವರು ಸರದಿಯಂತೆ ಹಾರಿಸುವ ವಿಮಾನಕ್ಕೆ ಆ ಭಯ ಕಡಿಮೆ. ಜೊತೆಗೆ ಶಿಕ್ಷಕನಿದ್ದಾನೆ, ಮೆಕ್ಯಾನಿಕನಿದ್ದಾನೆ, ತಪ್ಪಿದಾಗ ತಿದ್ದುವ ಹಿರಿಯ ಸದಸ್ಯರಿದ್ದಾರೆ.

ಹಣಕ್ಕಿಂತ ದೊಡ್ಡ ಲಾಭವೊಂದಿದೆ. ಹಾರಿ ಇಳಿದವನು ವಿಮಾನದಲ್ಲಿ ತಾನು ಕಂಡ ದೋಷವನ್ನು ಅದಕ್ಕೆಂದೇ ಇಟ್ಟ ಪುಸ್ತಕದಲ್ಲಿ ಬರೆಯಬೇಕು. ಇಳಿಯುವಾಗ ಗಾಲಿ ಜೋರಾಗಿ ನೆಲಕ್ಕೆ ಬಡಿದಿದ್ದರೆ ನಾಚಿಕೆಯಿಂದ ಮುಚ್ಚಿಡುವಂತಿಲ್ಲ. ಮುಚ್ಚಿಟ್ಟರೆ ಮರುದಿನ ಅದೇ ಆಸನದಲ್ಲಿ ಕೂರುವವನ ಪ್ರಾಣಕ್ಕೆ ಸಂಚಕಾರ. ಸ್ವಂತ ವಸ್ತುವಿನಲ್ಲಿ ಉದಾಸೀನ ಮಾಡಿದವನು ತಾನೊಬ್ಬನೇ ಕೆಟ್ಟಾನು. ಹತ್ತು ಮಂದಿಯ ವಸ್ತುವಿನಲ್ಲಿ ಹಾಗಲ್ಲ. ಈ ಪ್ರಾಮಾಣಿಕತೆಯೇ ಕ್ಲಬ್ಬು ಕಲಿಸುವ ಮೊದಲ ಪಾಠ.

ನಮ್ಮ ದೇಶದಲ್ಲಿ ೧೯೨೭ರಲ್ಲಿ ಏರೋ ಕ್ಲಬ್ ಆಫ್ ಇಂಡಿಯಾ ಅಂಡ್ ಬರ್ಮಾ ಸ್ಥಾಪಿತವಾಯಿತು. ಮುಂದಿನ ಒಂದೆರಡು ವರ್ಷಗಳಲ್ಲಿ ದೆಹಲಿ, ಬೊಂಬಾಯಿ, ಕಲ್ಕತ್ತ, ಕರಾಚಿಗಳಲ್ಲಿ ಸರಕಾರದ ನೆರವಿನಿಂದ ಕ್ಲಬ್ಬುಗಳು ನಡೆಯತೊಡಗಿದವು. ೨೪ರ ಹರೆಯದ ಜೆ. ಆರ್. ಡಿ. ಟಾಟಾ ಬೊಂಬಾಯಿ ಕ್ಲಬ್ಬಿನಲ್ಲಿ ಕಲಿತು ೧೯೨೯ರ ಫೆಬ್ರವರಿ ೧೦ರಂದು ಲೈಸೆನ್ಸು ಪಡೆದರು. ಅದರ ಮೇಲಿದ್ದ ಅಂಕಿ ಒಂದು. ೧೯೩೬ರಲ್ಲಿ ಲಾಹೋರಿನ ಕ್ಲಬ್ಬಿನ ಜಿಪ್ಸಿ ಮಾತ್ ವಿಮಾನವನ್ನು ಸೀರೆಯುಟ್ಟ ಸರಳಾ ಠುಕ್ರಾಲ್ ಒಬ್ಬರೇ ಹಾರಿಸಿದರು. ಆಗ ಅವರಿಗೆ ೨೧ ವರ್ಷ. ಮನೆಯಲ್ಲಿ ಪುಟ್ಟ ಮಗಳಿದ್ದಳು. ಶ್ರೀಮಂತರ ಮಗನಿಗೂ ಗೃಹಿಣಿಗೂ ಒಂದೇ ಬಗೆಯ ವಿಮಾನ, ಒಂದೇ ಬಗೆಯ ಪರೀಕ್ಷೆ.

ಕ್ಲಬ್ಬಿನಲ್ಲಿ ಬೆಳೆದ ಮನೋಧರ್ಮ ಎಂಥದೆಂಬುದಕ್ಕೆ ೧೯೩೦ರ ಘಟನೆಯೊಂದು ಸಾಕ್ಷಿ. ಇಂಗ್ಲೆಂಡು ಮತ್ತು ಭಾರತದ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನರು ೫೦೦ ಪೌಂಡುಗಳ ಬಹುಮಾನ ಸಾರಿದ್ದರು. ಟಾಟಾ ಕರಾಚಿಯಿಂದ ಹೊರಟರು. ೧೭ ವರ್ಷದ ಹುಡುಗ ಆಸ್ಪಿ ಎಂಜಿನಿಯರ್ ಇಂಗ್ಲೆಂಡಿನ ಕಡೆಯಿಂದ ಬರುತ್ತಿದ್ದ. ಈಜಿಪ್ಟಿನ ಅಬೂಕಿರಿನಲ್ಲಿ ಇಬ್ಬರೂ ಎದುರಾದರು. ಹುಡುಗ ಸ್ಪಾರ್ಕ್ ಪ್ಲಗ್ಗಿಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದ. ಟಾಟಾ ತಮ್ಮಲ್ಲಿದ್ದ ಬಿಡಿ ಪ್ಲಗ್ಗನ್ನು ಕೊಟ್ಟರು. ಹುಡುಗ ಮುಂದೆ ಹಾರಿ ಬಹುಮಾನ ಗೆದ್ದ! ಅದೇ ಆಸ್ಪಿ ಎಂಜಿನಿಯರ್ ೧೯೬೦ರಲ್ಲಿ ಸ್ವತಂತ್ರ ಭಾರತದ ವಾಯುಸೇನೆಯ ಮುಖ್ಯಸ್ಥರಾದರು.

ಕ್ಲಬ್ಬಿನ ವಿದ್ಯೆ ನಾಡಿನ ಸೇವೆಯಾಗಿ ತಿರುಗಿದ್ದು ೧೯೩೨ರಲ್ಲಿ. ಅಕ್ಟೋಬರ್ ೧೫ರಂದು ಟಾಟಾ ಪುಸ್ ಮಾತ್ ವಿಮಾನದಲ್ಲಿ ಅಂಚೆಯ ಚೀಲಗಳನ್ನು ಹೊತ್ತು ಕರಾಚಿಯಿಂದ ಅಹಮದಾಬಾದಿನ ಮೂಲಕ ಜುಹೂಗೆ ಬಂದಿಳಿದರು. ಅಲ್ಲಿಂದ ಅವರ ಸಂಗಡಿಗ ನೆವಿಲ್ ವಿಂಟ್‌ಸೆಂಟ್ ಅಂಚೆಯನ್ನು ಮದರಾಸಿಗೆ ಒಯ್ದರು. ನಡುವಿನ ತಂಗುದಾಣ ಯಾವುದು? ನಮ್ಮ ಬಳ್ಳಾರಿ! ಅಂದು ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, ೧೯೫೬ರ ನವೆಂಬರ್ ಒಂದರಂದು ಏಕೀಕೃತ ನಾಡಿನ ಅಂಗವಾಯಿತು. ಕನ್ನಡಿಗರು ಒಂದು ರಾಜ್ಯದಡಿ ಸೇರುವುದಕ್ಕೆ ೨೪ ವರ್ಷ ಮೊದಲೇ ಕನ್ನಡ ನೆಲ ದೇಶದ ವಿಮಾನ ಅಂಚೆಯ ದಾರಿಯಲ್ಲಿ ತನ್ನ ಪಾಲು ಸಲ್ಲಿಸಿತ್ತೆಂಬುದು ರಾಜ್ಯೋತ್ಸವದ ದಿನ ನೆನೆಯತಕ್ಕ ಸಂಗತಿ.

ಆ ಪಾಲು ಅಲ್ಲಿಗೇ ನಿಲ್ಲಲಿಲ್ಲ. ೧೯೪೦ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿತು. ೧೯೪೮ರಲ್ಲಿ ಜಕ್ಕೂರಿನಲ್ಲಿ ಹಾರಾಟದ ತರಬೇತಿ ಶಾಲೆ ನಡೆಯತೊಡಗಿತು. ೧೯೫೮ರಲ್ಲಿ ಬೆಂಗಳೂರಿನ ಕಾರ್ಖಾನೆ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ 'ಪುಷ್ಪಕ' ಎಂಬ ವಿಮಾನವನ್ನು ರೂಪಿಸಿ ಹಾರಿಸಿತು. ಅಕ್ಕಪಕ್ಕ ಎರಡು ಆಸನ, ತಲೆಯ ಮೇಲೆ ಬಟ್ಟೆ ಹೊದಿಸಿದ ರೆಕ್ಕೆ, ೯೦ ಅಶ್ವಶಕ್ತಿಯ ಎಂಜಿನ್ನು. ಪುರಾಣದ ಪುಷ್ಪಕ ಕುಬೇರನ ಸ್ವತ್ತು, ರಾವಣ ಕಿತ್ತುಕೊಂಡದ್ದು. ಬೆಂಗಳೂರಿನ ಪುಷ್ಪಕ ಚಂದಾ ಕೊಟ್ಟವರೆಲ್ಲರ ಸ್ವತ್ತು. ದೇಶದ ಎಷ್ಟೋ ಪೈಲಟರು ಮೊದಲು ನೆಲ ಬಿಟ್ಟದ್ದು ಅದರಲ್ಲಿಯೇ.

ಒಂದು ಮಾತನ್ನು ಮರೆಮಾಚಬಾರದು. ಕ್ಲಬ್ಬು ಹಾರಾಟವನ್ನು ಅಗ್ಗ ಮಾಡುವುದಿಲ್ಲ, ಸಾಧ್ಯ ಮಾಡುತ್ತದೆ ಅಷ್ಟೆ. ವೃತ್ತಿಯ ಪೈಲಟನಾಗಲು ಕಡಮೆಯೆಂದರೂ ೨೦೦ ಗಂಟೆ ಹಾರಿರಬೇಕು. ಸಂಬಳದ ಮೇಲೆ ಬದುಕುವ ಮನೆಗಳಿಗೆ ಅದು ಭಾರವೇ. ಆದರೂ ಮಗನೋ ಮಗಳೋ ಆಕಾಶದತ್ತ ಬೆರಳು ತೋರಿಸಿದರೆ 'ಅದು ನಮ್ಮಂಥವರಿಗಲ್ಲ' ಎಂದು ಒಂದೇ ಮಾತಿಗೆ ಬಾಯಿ ಮುಚ್ಚಿಸುವುದು ಬೇಡ. ಬೆರಳಚ್ಚು ಮಾಡುತ್ತಿದ್ದ ಹುಡುಗಿಯ ಕಥೆಯನ್ನಾದರೂ ಹೇಳೋಣ.

ನಾವು ಪರಊರಿನಲ್ಲಿ ಒಬ್ಬೊಬ್ಬರೇ ಒಂದು ಪುಸ್ತಕ ಭಂಡಾರವನ್ನು ಕೊಳ್ಳಲಾರೆವು, ಒಂದು ರಂಗಮಂದಿರವನ್ನು ಕಟ್ಟಲಾರೆವು. ಕೂಡಿದ್ದರಿಂದ ಅವು ನಮಗೆ ದಕ್ಕಿವೆ. ದಕ್ಕಿದ ಮೇಲೆ ನಮ್ಮ ಹೊಣೆಯೂ ಆ ಹಾರಾಟಗಾರನದೇ. ಹರಿದ ಪುಟವನ್ನು, ತಪ್ಪಿದ ಲೆಕ್ಕವನ್ನು ಮುಚ್ಚಿಡದೆ ಬರೆದಿಟ್ಟು, ಮುಂದೆ ಬರುವವನಿಗೆ ಸುಸ್ಥಿತಿಯಲ್ಲಿ ಒಪ್ಪಿಸೋಣ. ಅವನೂ ಹಾರಬೇಕಾದವನು.