ಹರ್-2 ಪ್ರೋಟೀನ್

ಸ್ತನ ಕ್ಯಾನ್ಸರ್ ಜೀವಕೋಶದ ಹೊರಪೊರೆಯಲ್ಲಿ ನೆಟ್ಟುಕೊಂಡು, ಬೆಳೆಯುವ ಮತ್ತು ವಿಭಜನೆಯಾಗುವ ಸಂಕೇತವನ್ನು ಒಳಕ್ಕೆ ದಾಟಿಸುವ ಗ್ರಾಹಕ ಪ್ರೋಟೀನ್. ಇದರ ಜೀನ್ ಇರುವುದು 17ನೇ ವರ್ಣತಂತುವಿನಲ್ಲಿ. ಸಹಜ ಕೋಶದಲ್ಲಿ ಅದರ ಎರಡು ಪ್ರತಿಗಳಷ್ಟೇ ಇರುತ್ತವೆ. ಸುಮಾರು ಶೇ. 15ರಿಂದ 20ರಷ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಪ್ರತಿಗಳು ಹೆಚ್ಚಿ, ಪ್ರೋಟೀನ್ ಪೊರೆಯ ತುಂಬ ಮುತ್ತಿಕೊಳ್ಳುತ್ತದೆ.

ಹರ್ ಕುಟುಂಬದ ಗ್ರಾಹಕಗಳು ನಾಲ್ಕು. ಹರ್-1 ಎಚ್ಚರಗೊಳ್ಳಲು ಹೊರಗಿನಿಂದ ಬೆಳವಣಿಗೆಯ ಅಂಶವೊಂದು ಬಂದು ತಗುಲಬೇಕು. ಹರ್-2ಕ್ಕೆ ಹಾಗೆ ತಗುಲುವ ಅಣು ಈವರೆಗೆ ಸಿಕ್ಕಿಲ್ಲ. ಅದು ಸದಾ ಕೈಚಾಚಿಯೇ ಇದ್ದು ಒಡಹುಟ್ಟಿದವರೊಡನೆ ಜೋಡಿಯಾಗುತ್ತದೆ. ಹರ್-3ರೊಡನೆ ಕೂಡಿದಾಗ ಸಂಕೇತ ಬಲು ಜೋರು.

1982ರಲ್ಲಿ ಎಂಐಟಿಯ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯದಲ್ಲಿ ಇಲಿಯ ನರಗಡ್ಡೆಯಿಂದ ಇದರ ಸುಳಿವು ಮೊದಲು ಹಿಡಿದವರಲ್ಲಿ ಭಾರತದ ಲಕ್ಷ್ಮೀಚರಣ ಪಾಢಿ ಮುಖ್ಯರು. ಅವರ ಹೆಸರು ಸಲ್ಲಬೇಕಾದಷ್ಟು ಕೇಳಿಬಂದಿಲ್ಲ. 1987ರಲ್ಲಿ ಡೆನಿಸ್ ಸ್ಲೇಮನ್ ತಂಡ 189 ಗಡ್ಡೆಗಳನ್ನು ಪರೀಕ್ಷಿಸಿ, ಪ್ರತಿಗಳು ಹೆಚ್ಚಿದಷ್ಟೂ ರೋಗ ಬೇಗ ಮರುಕಳಿಸುವುದನ್ನು ತೋರಿಸಿತು. ಈ ಪ್ರೋಟೀನನ್ನು ಅಡ್ಡಗಟ್ಟುವ ಪ್ರತಿಕಾಯ ಟ್ರಾಸ್ಟುಜುಮಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಪರವಾನಗಿ ದೊರೆಯಿತು. ಬೆಂಗಳೂರಿನ ಬಯೋಕಾನ್ ತನ್ನ ಸಮಾನ ಔಷಧ ಕ್ಯಾನ್‌ಮ್ಯಾಬ್ ಅನ್ನು 2014ರಲ್ಲಿ ಮಾರುಕಟ್ಟೆಗೆ ತಂದಿತು. ಮೈಲಾನ್ ಜೊತೆಗೂಡಿ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಒಪ್ಪಿಗೆಯನ್ನೂ ಪಡೆಯಿತು. ಆರಂಭದ ಹಂತದ ರೋಗಕ್ಕೆ ಟ್ರಾಸ್ಟುಜುಮಾಬನ್ನು ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ ಸಲೈನ್ ಮೂಲಕ ಕೊಡುತ್ತಾರೆ. ಹೃದಯಕ್ಕೆ ಬಾಧೆಯಾಗುವ ಸಂಭವವಿರುವುದರಿಂದ ನಡುನಡುವೆ ಎಕೋ ತೆಗೆಸಬೇಕು.

ಔಷಧಕ್ಕಿಂತ ಮೊದಲಿನ ಹೆಜ್ಜೆ ಪರೀಕ್ಷೆ. ಎಡವುವುದು ಹೆಚ್ಚಾಗಿ ಅಲ್ಲಿಯೇ. ಗದಗ ಜಿಲ್ಲೆಯ ರೋಣ, ನರಗುಂದ ಅಥವಾ ಗಜೇಂದ್ರಗಡದಲ್ಲಿ ಗಂಟು ತೆಗೆದು ಗದಗಿಗೋ ಹುಬ್ಬಳ್ಳಿಗೋ ಕಳಿಸುವಾಗ, ಅಂಗಾಂಶ ಒಂದು ತಾಸಿನೊಳಗೆ ಫಾರ್ಮಲಿನ್‌ಗೆ ಬೀಳಬೇಕು. ಫಾರ್ಮಲಿನ್ ಶೇ. 10ರ ತಟಸ್ಥ ದ್ರಾವಣವಾಗಿರಬೇಕು, ತುಣುಕಿನ ಹತ್ತು ಪಟ್ಟಾದರೂ ಇರಬೇಕು. ಇಡೀ ಸ್ತನ ತೆಗೆದಿದ್ದರೆ ಗಡ್ಡೆಯನ್ನು ಸೀಳಿಯೇ ಮುಳುಗಿಸಬೇಕು. ಇಲ್ಲವಾದರೆ ದ್ರಾವಣ ಒಳಮುಟ್ಟುವ ಮೊದಲೇ ನಡುಭಾಗ ಕೊಳೆಯುತ್ತದೆ. ನೆನೆಯುವ ಅವಧಿ 6ರಿಂದ 72 ತಾಸು. ಬರಿಯ ಸಲೈನ್‌ನಲ್ಲಿ ಇಟ್ಟು ಕಳಿಸಿದ ತುಣುಕಿನ ಫಲಿತಾಂಶವನ್ನು ನಂಬುವಂತಿಲ್ಲ. ಬಾಟಲಿಯ ಚೀಟಿಯ ಮೇಲೆ ರೋಗಿಯ ಹೆಸರಿನ ಜೊತೆ ಗಂಟು ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಬರೆಯುವುದು ಕ್ರಮ.

ಅಂಗಾಂಶವನ್ನು ಹುದುಗಿಸಿದ ಮೇಣದ ಬ್ಲಾಕಿನಿಂದ ತೆಳುವಾಗಿ ಕತ್ತರಿಸಿ ಬಣ್ಣ ಹಾಕಿದ ಮೇಲೆ 0, 1+, 2+, 3+ ಎಂದು ಅಂಕ ಕೊಡುತ್ತಾರೆ. ಶೇ. 10ಕ್ಕೂ ಹೆಚ್ಚು ಕ್ಯಾನ್ಸರ್ ಕೋಶಗಳ ಪೊರೆ ಸುತ್ತಲೂ ಗಾಢ ಕಂದುಬಣ್ಣ ಹಿಡಿದರೆ 3+, ಅಂದರೆ ಪಾಸಿಟಿವ್. 2+ ಬಂದರೆ ತೀರ್ಮಾನ ಆಗಿಲ್ಲವೆಂದೇ ಅರ್ಥ. ಆಗ ಫಿಶ್ ಎಂಬ ಪರೀಕ್ಷೆಯಲ್ಲಿ ಜೀನಿನ ಪ್ರತಿಗಳನ್ನು ಎಣಿಸಬೇಕು. 1+ ಬಹುಕಾಲ ನೆಗೆಟಿವ್ ಎನಿಸಿಕೊಂಡಿತ್ತು. 2022ರಲ್ಲಿ ಅಮೆರಿಕ, ದೇಹದ ಬೇರೆಡೆಗೆ ಹರಡಿದ ಅಂಥ ರೋಗಕ್ಕೂ ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ ಎಂಬ ಔಷಧದ ಬಳಕೆಯನ್ನು ಒಪ್ಪಿದ ಮೇಲೆ ಹಳೆಯ ಬ್ಲಾಕುಗಳನ್ನೂ ಮತ್ತೆ ನೋಡಿಸಲಾಗುತ್ತಿದೆ. ಹಾಗಾಗಿ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೊರಡುವವರು ವರದಿಯ ಹಾಳೆಯ ಜೊತೆಗೆ ಬ್ಲಾಕನ್ನೂ ಕೇಳಿ ಪಡೆದು ಒಯ್ಯಬೇಕು.