ಹಿಮ ಬರುವುದೋ, ಬಾರದೋ?

ನಾಳಿನ ಹವೆಯನ್ನು ಇಂದೇ ನುಡಿಯುವವನಿಗೆ ಎರಡು ಅಪಾಯಗಳುಂಟು. ಬರುವುದನ್ನು ಬಾರದೆನ್ನುವುದು ಒಂದು. ಬಾರದುದನ್ನು ಬರುವುದೆನ್ನುವುದು ಇನ್ನೊಂದು. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ, ವಾಷಿಂಗ್ಟನ್ನಿನಿಂದ ಬಾಸ್ಟನ್ನಿನವರೆಗೆ ಹಬ್ಬಿರುವ ಮಹಾನಗರಗಳಲ್ಲಿ, ಚಳಿಗಾಲ ಬಂದಿತೆಂದರೆ ಈ ಎರಡರ ನಡುವೆ ವಾದವೇಳುತ್ತದೆ. ಮುಂಗಾರಿನ ಸುದ್ದಿಗೆ ಕಿವಿಗೊಟ್ಟು ಕೂರುವ ನಮಗೂ ಆ ವಾದದ ಇತಿಹಾಸ ತಿಳಿಯತಕ್ಕದ್ದೇ ಆಗಿದೆ.

ಮೊದಲು ಅಲ್ಲಿನ ಭೂಗುಣವನ್ನು ನೋಡೋಣ. ಪಶ್ಚಿಮಕ್ಕೆ ಅಪಲೇಚಿಯನ್ ಬೆಟ್ಟಸಾಲು. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ, ಅದರೊಳಗೆ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ನೀರಿನ ಪ್ರವಾಹ. ಉತ್ತರದಿಂದ ಇಳಿದ ಶೀತವಾಯುವಿಗೂ ಕಡಲಿನ ಬಿಸುಪಿಗೂ ಸಂಧಿಸುವ ಗಡಿಯಲ್ಲಿ ಬಿರುಗಾಳಿ ಹುಟ್ಟಿ, ಕರಾವಳಿಯಗುಂಟ ಮೇಲಕ್ಕೆ ಸಾಗುತ್ತದೆ. ದಡದ ಮೇಲೆ ಗಾಳಿ ಈಶಾನ್ಯದಿಂದ ಬೀಸುವುದರಿಂದ ಅದಕ್ಕೆ ‘ನಾರ್‌ಈಸ್ಟರ್’ ಎಂದು ಹೆಸರು. ಅದರ ಕೇಂದ್ರವು ದಡಕ್ಕೆ ತೀರ ಹತ್ತಿರವಾದರೆ ನಗರಗಳಲ್ಲಿ ಮಳೆ. ತುಸು ದೂರವಾದರೆ ಹಿಮ. ಇನ್ನೂ ದೂರ ಸರಿದರೆ ಬರಿಯ ಮೋಡ. ಸುಮಾರು 50 ಮೈಲಿಗಳ ಅಂತರವೇ ಎಲ್ಲವನ್ನೂ ನಿರ್ಣಯಿಸಿಬಿಡುತ್ತದೆ!

1888ರ ಮಾರ್ಚ್ ತಿಂಗಳಿನಲ್ಲಿ ಹವೆಯ ಮುನ್ಸೂಚನೆ ಸೈನ್ಯದ ಸಿಗ್ನಲ್ ಸರ್ವಿಸಿನ ಕೆಲಸವಾಗಿತ್ತು. ನ್ಯೂಯಾರ್ಕಿಗೆ ಮಳೆ, ಅನಂತರ ತಿಳಿಯಾದ ಆಕಾಶ ಎಂದು ಅದು ಸಾರಿತು. 12ರ ಸೋಮವಾರ ಬೆಳಗ್ಗೆ ಜನ ಎದ್ದು ನೋಡಿದಾಗ ಹಿಮದ ಪ್ರಳಯ. ಆದರೂ ಎಂದಿನಂತೆ ದುಡಿಮೆಗೆ ಹೊರಟವರೆಷ್ಟೋ ಮಂದಿ. ರೈಲುಗಳು ನಡುಹಾದಿಯಲ್ಲೇ ನಿಂತವು, ತಂತಿಕಂಬಗಳು ಉರುಳಿದವು. ಸುಮಾರು 400 ಜನರು ಸತ್ತರು. ಅವರಲ್ಲಿ ಅರ್ಧದಷ್ಟು ಮಂದಿ ನ್ಯೂಯಾರ್ಕಿನವರೇ. ಮುನ್ಸೂಚನೆಯ ಕೆಲಸ ಸೈನ್ಯದಿಂದ ಕೃಷಿ ಇಲಾಖೆಗೆ ಹೋದದ್ದು 1890ರ ಶಾಸನದ ಮೂಲಕ.

ಇಲಾಖೆ ಬದಲಾದ ಮಾತ್ರಕ್ಕೆ ಹವೆ ಅಂಕೆಗೆ ಸಿಕ್ಕೀತೆ? 1909ರ ಮಾರ್ಚ್ 4ರಂದು ಅಧ್ಯಕ್ಷ ಟಾಫ್ಟರ ಪದಗ್ರಹಣ. ದಿನ ಶುಭ್ರವಾಗಿರುವುದೆಂದು ಹವಾಮಾನ ಇಲಾಖೆಯ ಮುಖ್ಯಸ್ಥ ವಿಲ್ಲಿಸ್ ಮೂರ್ ಭರವಸೆಯಿತ್ತಿದ್ದರು. ಬಿದ್ದದ್ದು ಹತ್ತಿರಹತ್ತಿರ 10 ಅಂಗುಲ ಹಿಮ! ಬಯಲಿನಲ್ಲಿ ನಡೆಯಬೇಕಾಗಿದ್ದ ಸಮಾರಂಭ ಸೆನೆಟ್ ಸಭಾಂಗಣದೊಳಗೆ ನಡೆಯಿತು.

ಮುಂದೆ ಗಣಕಯಂತ್ರಗಳ ಕಾಲ ಬಂದಿತು. ಆದರೂ 1979ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನನ್ನು ಹೂತ ಒಂದೂವರೆ ಅಡಿ ಹಿಮವನ್ನು ಅವು ಮೊದಲೇ ಕಾಣಲಾರದೆ ಹೋದವು. ಲೂಯಿ ಉಚೆಲಿನಿ, ಪಾಲ್ ಕೋಸಿನ್ ಮೊದಲಾದ ವಿದ್ವಾಂಸರು ಆ ಸೋಲನ್ನೇ ಪಾಠವಾಗಿ ಓದಿದರು. 1993ರ ಮಾರ್ಚಿನ ಮಹಾಬಿರುಗಾಳಿಯನ್ನು ಐದು ದಿನ ಮುಂಚಿತವಾಗಿಯೇ ನುಡಿಯಲಾಯಿತು. ಬಿರುಗಾಳಿ ಬರುವ ಮೊದಲೇ ಕೆಲವು ರಾಜ್ಯಗಳು ತುರ್ತುಪರಿಸ್ಥಿತಿಯನ್ನು ಘೋಷಿಸಿದವು. ಆದರೂ 200ಕ್ಕೂ ಹೆಚ್ಚು ಜನರು ಮಡಿದರು.

ಇನ್ನು 2015ರ ಜನವರಿಯ ಸಂಗತಿ. ಯುರೋಪಿನ ಗಣಕವು ನ್ಯೂಯಾರ್ಕಿಗೆ ಭಾರಿ ಹಿಮವನ್ನು ನುಡಿಯಿತು. ಅಮೆರಿಕದ ಹೊಸ ಗಣಕವು ಬಿರುಗಾಳಿ ಪೂರ್ವಕ್ಕೆ ಸರಿದೀತೆಂದಿತು. ಅಧಿಕಾರಿಗಳು 20ರಿಂದ 30 ಅಂಗುಲವೆಂದು ಸಾರಿದರು. 1904ರಿಂದ ಓಡುತ್ತಿದ್ದ ನೆಲದಡಿಯ ರೈಲು ಹಿಮದ ಕಾರಣಕ್ಕಾಗಿ ಮೊತ್ತಮೊದಲು ನಿಂತಿತು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದುದು 9.8 ಅಂಗುಲ. ಬಾಸ್ಟನ್ನಿನಲ್ಲಾದರೋ ಎರಡಡಿ! ಬಿರುಗಾಳಿ ಸುಳ್ಳಾಗಿರಲಿಲ್ಲ, ಅದರ ಅಂಚು ಮಾತ್ರ ಸರಿದಿತ್ತು. ನ್ಯೂಜೆರ್ಸಿ, ಫಿಲಡೆಲ್ಫಿಯ ಕಡೆಯ ಹೊಣೆ ಹೊತ್ತಿದ್ದ ಹವಾಮಾನಾಧಿಕಾರಿ ಗ್ಯಾರಿ ಸಾಟ್‌ಕೊವ್‌ಸ್ಕಿ ಬಹಿರಂಗವಾಗಿ ಕ್ಷಮೆ ಕೇಳಿದರು. ರಾಷ್ಟ್ರದ ಹವಾಮಾನ ಸೇವೆಯ ನಿರ್ದೇಶಕರಾಗಿ ಅಂದು ಉತ್ತರ ಹೇಳಬೇಕಾಗಿ ಬಂದವರು, 1979ರ ಸೋಲನ್ನು ಅಭ್ಯಸಿಸಿದ ಆ ಉಚೆಲಿನಿಯವರೇ. ಅನಿಶ್ಚಯವನ್ನು ಜನರಿಗೆ ಇನ್ನೂ ಚೆನ್ನಾಗಿ ತಿಳಿಸಬೇಕೆಂದು ಅವರು ಒಪ್ಪಿಕೊಂಡರು.

ಈ ಮಾತಿನಲ್ಲಿಯೇ ತಿರುಳಿದೆ. ಆರಂಭದ ಅಳತೆಯಲ್ಲಿ ಕೂದಲೆಳೆಯಷ್ಟು ಭೇದವಿದ್ದರೂ ಫಲ ಬೇರೆಯಾಗಬಹುದೆಂದು ಎಡ್ವರ್ಡ್ ಲೊರೆಂಟ್ಸ್ 1963ರಲ್ಲಿಯೇ ತೋರಿಸಿದ್ದರು. ಆದಕಾರಣ 1992ರಿಂದೀಚೆಗೆ ಆರಂಭದ ಅಂಕಿಗಳನ್ನು ತುಸುತುಸು ಬದಲಿಸಿ ಅದೇ ಲೆಕ್ಕವನ್ನು ಹಲವು ಸಲ ಮಾಡುವ ಪದ್ಧತಿ ಬಳಕೆಗೆ ಬಂದಿದೆ. ಉತ್ತರಗಳು ಒಂದೆಡೆ ಕೂಡಿದರೆ ಭರವಸೆ, ಚೆದರಿದರೆ ಎಚ್ಚರಿಕೆ.

ವಾಚಕರೇ, “ಹಿಮ ಬರುವ ಸಂಭವ ಇಷ್ಟು, ಬಾರದಿರುವ ಸಂಭವ ಇಷ್ಟು” ಎಂದು ಹೇಳುವವನನ್ನು ಅಳ್ಳೆದೆಯವನೆಂದು ಜರೆಯುವುದು ಸುಲಭ. ಆದರೆ 1888ರಲ್ಲಿ ಜನರನ್ನು ಕೆಡಿಸಿದ್ದು ಸಂಶಯವಲ್ಲ, ಸಂಶಯವಿಲ್ಲದ ಮಾತು. ತನ್ನ ಅರಿವಿನ ಎಲ್ಲೆ ಎಲ್ಲಿದೆಯೆಂದು ತಿಳಿದು ಹೇಳುವುದೂ ಅರಿವೇ ಅಲ್ಲವೆ?