ಹಳಿಯಾಳ–ಜೋಯಿಡಾ ಸೀಮೆಯ ಜಲಜ ಶಿಲೆಗಳಲ್ಲಿ ಸಾವಯವ ಇಂಗಾಲ: ಉತ್ಪತ್ತಿ ಮತ್ತು ರಚನೆ

ಹಳಿಯಾಳ, ದಾಂಡೇಲಿ, ಜೋಯಿಡಾ ಸೀಮೆ ಶಿವಮೊಗ್ಗ–ಗೋವಾ ಶಿಲಾಪಟ್ಟಿಗೆ ಸೇರಿದ್ದು. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟ ಶಿಲಾಸಮೂಹದ ಭಾಗವಿದು. ಇಲ್ಲಿನ ಫಿಲೈಟ್, ಗ್ರೇವಾಕೆ, ಸುಣ್ಣಕಲ್ಲುಗಳೆಲ್ಲ ಸುಮಾರು 260 ಕೋಟಿ ವರ್ಷಗಳ ಹಿಂದೆ ನೀರಿನಡಿ ಕೂತ ಹೂಳು. ಮ್ಯಾಂಗನೀಸ್‌ ಗಣಿಗಳಿಂದಾಗಿ ಈ ಸೀಮೆಗೆ ಹೆಸರು ಬಂತು. ಅದೇ ಪಟ್ಟಿಯಲ್ಲಿ ಬರುವ ಇಂಗಾಲಯುಕ್ತ ಫಿಲೈಟಿನತ್ತ, ಮಾರುಕಟ್ಟೆ ಬೆಲೆ ಇಲ್ಲದ್ದರಿಂದಲೋ ಏನೋ, ಕಣ್ಣು ಹಾಯುವುದು ಕಡಿಮೆ. ಅದನ್ನು ಉಜ್ಜಿದರೆ ಬೆರಳಿಗೆ ಮಸಿ ಹತ್ತುತ್ತದೆ.

ಆ ಮಸಿಯ ಆರಂಭದ ಹಂತ ಈಗಲೂ ಇಲ್ಲೇ ನಡೆದಿದೆ. 1987ರಲ್ಲಿ ಮುಗಿದ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿಗೆ ಕಾಳಿ ನದಿ ಕಾಡಿನ ತರಗೆಲೆ, ತೊಗಟೆ, ಮಣ್ಣನ್ನು ತಂದು ಸುರಿಯುತ್ತದೆ. ಪ್ರೋಟೀನ್, ಸಕ್ಕರೆಗಳನ್ನು ಬ್ಯಾಕ್ಟೀರಿಯಾ ಮೊದಲು ತಿಂದು ಮುಗಿಸುತ್ತವೆ. ಲಿಗ್ನಿನ್, ಮೇಣ ಉಳಿಯುತ್ತವೆ. ತಳದಲ್ಲಿ ಆಮ್ಲಜನಕ ಕಡಿಮೆಯಿದ್ದು, ಜೇಡಿ ಬೇಗ ಮುಚ್ಚಿದರೆ ಮಾತ್ರ ಉಳಿದದ್ದು ದಕ್ಕುತ್ತದೆ. ಅಳಿದುಳಿದ ತುಣುಕುಗಳು ಒಂದಕ್ಕೊಂದು ಹೆಣೆದುಕೊಂಡು, ಸಾವಯವ ದ್ರಾವಕಗಳಲ್ಲಿ ಕರಗದ ಕೆರೊಜೆನ್ ಆಗುತ್ತವೆ.

ಕೆರೊಜೆನ್ನಿಗೆ ಒಂದೇ ಸೂತ್ರವಿಲ್ಲ. ಷಡ್ಭುಜ ಉಂಗುರಗಳ ಸಣ್ಣ ಹಾಳೆಗಳು, ಅವನ್ನು ಬೆಸೆಯುವ ಉದ್ದ ಸರಪಳಿಗಳು, ನಡುನಡುವೆ ಆಮ್ಲಜನಕ, ಗಂಧಕ, ಸಾರಜನಕ: ಕೊಟ್ಟಿಗೆಯ ಮೂಲೆಯಲ್ಲಿ ಸಿಕ್ಕುಬಿದ್ದ ಹಗ್ಗದ ಕಂತೆಯ ಹಾಗೆ. ಜಲಜನಕ–ಇಂಗಾಲ, ಆಮ್ಲಜನಕ–ಇಂಗಾಲ ಅನುಪಾತಗಳಿಂದ ಅದರ ವರ್ಗ ಗುರುತಿಸುತ್ತಾರೆ. ಪಾಚಿಯಿಂದ ಬಂದದ್ದು ಜಲಜನಕ ಹೆಚ್ಚಿರುವ ಮೊದಲ ವರ್ಗ, ಮರಗಿಡಗಳದ್ದು ಮೂರನೆಯದು. ಸೂಪಾದ ಹೂಳು ಕಲ್ಲಾದರೆ ಬಹುಪಾಲು ಮೂರನೆಯ ವರ್ಗಕ್ಕೆ ಸೇರೀತು. ಧಾರವಾಡ ಶಿಲೆಗಳ ಹೂಳು ಕೂತ ಕಡಲಿನ ಕಾಲಕ್ಕೆ ಮರವೇ ಹುಟ್ಟಿರಲಿಲ್ಲ. ಅಲ್ಲಿ ಹೂತದ್ದು ಸೂಕ್ಷ್ಮಜೀವಿಗಳ ದೇಹ ಮಾತ್ರ.

ಇಂದಿನ ಫಿಲೈಟಿನಲ್ಲಿ ಈ ವರ್ಗಭೇದ ಹುಡುಕುವುದು ವ್ಯರ್ಥ ಎಂಬುದು ನನ್ನ ವಾದ. ಸುಮಾರು 60ರಿಂದ 150 ಡಿಗ್ರಿ ಸೆಲ್ಸಿಯಸ್‌ನೊಳಗೆ ಸರಪಳಿಗಳು ಕಡಿದು ಎಣ್ಣೆಯಾಗುತ್ತವೆ, ಆಮೇಲೆ ಅನಿಲ. ಈ ಪಟ್ಟಿ 300 ಡಿಗ್ರಿಯನ್ನೂ ದಾಟಿದ ರೂಪಾಂತರ ಕಂಡಿದೆ. ಜಲಜನಕ ಹೊರಟುಹೋಗಿ, ಹಾಳೆಗಳು ದೊಡ್ಡವಾಗಿ, ಒಂದರ ಮೇಲೊಂದು ಒಪ್ಪವಾಗಿ ಕೂತು ಗ್ರಾಫೈಟಿನತ್ತ ಸಾಗಿವೆ. ಪೂರ್ಣ ಗ್ರಾಫೈಟಿನಲ್ಲಿ ಹಾಳೆಗಳ ನಡುವಿನ ಅಂತರ 3.354 ಆಂಗ್‌ಸ್ಟ್ರಾಮ್. ಎಲೆಯಾಗಿದ್ದರೂ ಪಾಚಿಯಾಗಿದ್ದರೂ ಕೊನೆಗೆ ಮುಟ್ಟುವುದು ಇದೇ ಜೋಡಣೆಯನ್ನು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಇಂಗಾಲ ಎಷ್ಟು ಕಾಯಿತು, ಅದು ಜೀವಮೂಲದ್ದೇ? ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣ, ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಸಿಲಿಕೇಟ್ ಕಳೆದರೆ ಕಪ್ಪು ಪುಡಿ ಉಳಿಯುತ್ತದೆ. ರಾಮನ್ ರೋಹಿತದಲ್ಲಿ 1350 ಸೆಂ.ಮೀ.⁻¹ ಬಳಿಯ ದೋಷಪಟ್ಟಿ ಕುಗ್ಗಿ, 1580ರ ಬಳಿಯ ಗ್ರಾಫೈಟ್ ಪಟ್ಟಿ ಚೂಪಾದಷ್ಟೂ ಶಾಖ ಹೆಚ್ಚಿತ್ತೆಂದು ಅರ್ಥ. ಇಂಗಾಲ-13ರ ಕೊರತೆ ಸಾವಿರಕ್ಕೆ ಸುಮಾರು 25ರಷ್ಟಿದ್ದರೆ ಜೀವಮೂಲಕ್ಕೆ ಬಲ ಬರುತ್ತದೆ. ಆದರೆ ಕಾದಂತೆಲ್ಲ ಈ ಕೊರತೆ ತಗ್ಗುವುದರಿಂದ ಎರಡು ಅಳತೆಗಳನ್ನೂ ಒಂದೇ ತುಣುಕಿನ ಮೇಲೆ ಮಾಡಬೇಕು. ಮಾದರಿ ಎಲ್ಲಿಯದೆಂಬುದೂ ಮುಖ್ಯ. ಈ ಸೀಮೆಯ ಮಳೆಗೆ ಮೇಲ್ಪದರದ ಇಂಗಾಲ ಉತ್ಕರ್ಷಿಸಿ, ಕಪ್ಪು ಫಿಲೈಟ್ ಬೂದು, ಕೆಂಪು ಬಣ್ಣಕ್ಕೆ ತಿರುಗುತ್ತದೆ. ರಸ್ತೆ ಬದಿ ಕಡಿದಲ್ಲಿ ಸಿಗುವ ಕಲ್ಲು ಸಾಲದು. ಜಂಬಿಟ್ಟಿಗೆಯ ಕೆಳಗಿನ ಹಸಿ ಬಂಡೆ ಮುಟ್ಟುವ ಕೊಳವೆ ಕೊರೆತದ ಮಾದರಿಯೇ ಆಗಬೇಕು.